ಮೇಲೆ ಒಣಗಿದ ಗುಡ್ಡ

ಸೆಪ್ಟೆಂಬರ್ ೧೪, ಗುರುವಾರ

ಮಾತ್ರೆ ಬರೆದುಕೊಡುತ್ತಾರೆ ಎಂದುಕೊಂಡು ಹೋದರೆ ಡಾಕ್ಟರಮ್ಮ ದಿನಚರಿ ಬರೆಯಲು ಹೇಳಿದರು. "ಭಯ ಬಂದಾಗಲೆಲ್ಲ ಯಾಕೆ ಬಂತು, ಆಮೇಲೆ ಏನಾಯ್ತು, ಅಷ್ಟು ಬರೀರಿ. ನನಗೂ ತೋರಿಸ್ಬೇಡಿ, ಯಾರಿಗೂ ತೋರಿಸ್ಬೇಡಿ. ಒಂದು ತಿಂಗಳು ಬಿಟ್ಟು ಬನ್ನಿ." ನಲವತ್ತು ದಾಟಿದವಳು ಶಾಲೆಯ ಹುಡುಗಿಯ ಹಾಗೆ ಹೊಸ ನೋಟ್‌ಬುಕ್ಕು ಕೊಂಡು ತಂದಿದ್ದೇನೆ.

ಇವತ್ತಿನ ಭಯಗಳು. ಬಸ್ಸು ಹತ್ತಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ. ಮುಂದಿನ ನಿಲ್ದಾಣದಲ್ಲಿ ಇಳಿದು ಮನೆಗೆ ವಾಪಸು ಬಂದೆ. ಆರಿಸಿತ್ತು. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ಬೀಗ ಬಿದ್ದಿದೆಯೋ ನೋಡಲು ಮತ್ತೆ ಬಂದೆ. ಬಿದ್ದಿತ್ತು. ಮಧ್ಯಾಹ್ನ ಮಗಳ ಶಾಲೆಯಿಂದ ಫೋನ್, ಎದೆ ಧಸಕ್ಕೆಂದಿತು. ಭೂಗೋಳದ ಪುಸ್ತಕ ಮರೆತುಹೋಗಿದ್ದಳಂತೆ. ಸಂಜೆ ಇವರು ಬರುವುದು ತಡವಾಯಿತು. ಇವರು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವವರು. ಅಪಘಾತವಾಗಿರಬೇಕು ಎಂದು ನಾನು ಕಿಟಕಿಯಲ್ಲಿ ನಿಂತು ಒಣಗುತ್ತಿದ್ದರೆ, ಬಂದವರು ಚಪ್ಪಲಿ ಬಿಡುತ್ತಾ, "ಒಬ್ಬ ಯಜಮಾನರಿಗೆ ಅರ್ಜೆಂಟಾಗಿ ಮೇಲ್ದವಡೆ ಬೇಕಿತ್ತು, ನಾಳೆ ಫೋಟೋ ತೆಗೆಸ್ಕೋಬೇಕಂತೆ," ಎಂದರು.

ತವರಿನಲ್ಲಿ ನನ್ನ ಅಡ್ಡಹೆಸರು ಗಾಬರಿ. ಅಕ್ಕ ಇಟ್ಟಿದ್ದು. ಈಗಲೂ ಫೋನಿನಲ್ಲಿ "ಏನೇ ಗಾಬರಿ" ಎಂದೇ ಮಾತು ಶುರುಮಾಡುತ್ತಾಳೆ.

ಸೆಪ್ಟೆಂಬರ್ ೧೯, ಮಂಗಳವಾರ

ಆಫೀಸಿನಲ್ಲಿ ಹೊಸ ಕೆಲಸ ಬಂದಿದೆ. ನಮ್ಮದು ಮಣ್ಣು ಪರೀಕ್ಷಾ ಕೇಂದ್ರ. ನಮ್ಮ ಮುಖ್ಯಸ್ಥರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಆಮೇಲೆ ಸಾಹೇಬರು. ಏನು ಕೇಳಿದರೂ "ಆಮೇಲೆ ನೋಡೋಣ" ಎನ್ನುವುದರಿಂದ. ಅವರೇ ಇವತ್ತು ಕರೆದು, "ಮೇಡಂ, ಇದು ಆಮೇಲೆ ಅಲ್ಲ, ಈ ವಾರವೇ ಆಗ್ಬೇಕು," ಎಂದರು.

ನೀರಿನ ಟ್ಯಾಂಕ್ ಇರುವ ಗುಡ್ಡ. ಅದರ ನಡುಮೈಯಲ್ಲಿ ಹಾದುಹೋಗುವ ರಸ್ತೆಯ ಅಂಚಿಗೆ ಈ ಮಳೆಗಾಲದಲ್ಲಿ ಬಿರುಕು ಬಿಟ್ಟಿದೆ. ಗುಡ್ಡದ ಒಳಗೆ ನೀರು ನಿಂತಿದೆಯೇ, ಎಷ್ಟು ಆಳದಲ್ಲಿ, ಹೇಳಿ ಎಂದು ನಗರಸಭೆಯವರು ಕೇಳಿದ್ದಾರೆ. ಕೊರೆದು ನೋಡುವ ಹಾಗಿಲ್ಲ. ಕೊರೆಯುವ ಯಂತ್ರದ ಭಾರವನ್ನೂ ಅದುರನ್ನೂ ಬಿರುಕುಬಿಟ್ಟ ಇಳಿಜಾರು ತಡೆಯುವುದಿಲ್ಲ. ಅಗೆಯದೆ, ಕೊರೆಯದೆ ಒಳಗಿನ ತೇವ ತಿಳಿಯಬೇಕು. ಹದಿನೈದು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಅದೇ, ಅದಕ್ಕಾಗಿ ಗಾಬರಿಯಾಗಬೇಕಿಲ್ಲ. ಆದರೆ ಆ ಗುಡ್ಡದ ಕೆಳಗೆ ಒಂದು ಸಾಲು ಮನೆಗಳಿವೆ. ಸಾಲಿನ ಕೊನೆಯಲ್ಲಿ, ತಡೆಗೋಡೆಗೆ ಬೆನ್ನು ಕೊಟ್ಟುಕೊಂಡು ಅಕ್ಕನ ಶಿಶುವಿಹಾರವಿದೆ.

ಮನೆಗೆ ಬಂದು ಇವರಿಗೆ ಹೇಳಿದೆ. "ಒಳ್ಳೇದೇ ಆಯ್ತಲ್ಲ, ಮಧ್ಯಾಹ್ನದ ಟೀ ಅಕ್ಕನ ಹತ್ರಾನೇ," ಎಂದರು.

ಸೆಪ್ಟೆಂಬರ್ ೨೨, ಶುಕ್ರವಾರ

ಮೊದಲ ಅಳತೆ ಮುಗಿಯಿತು. ರಸ್ತೆಯ ಅಂಚಿನಿಂದ ತಡೆಗೋಡೆಯವರೆಗೆ ಒಂದೇ ಗೆರೆಯಲ್ಲಿ ಗೇಣುದ್ದದ ಉಕ್ಕಿನ ಗೂಟಗಳನ್ನು ಊರಿ, ಎಲ್ಲಕ್ಕೂ ಉದ್ದನೆಯ ಕೇಬಲ್ ಸಿಕ್ಕಿಸಿದೆವು. ಎರಡು ಗೂಟಗಳ ನಡುವೆ ಸ್ವಲ್ಪ ವಿದ್ಯುತ್ತು ಹರಿಸುವುದು, ಅದು ಎಷ್ಟು ಸಲೀಸಾಗಿ ಹರಿಯಿತೆಂದು ಬೇರೆ ಎರಡು ಗೂಟಗಳಲ್ಲಿ ಅಳೆಯುವುದು. ಒದ್ದೆ ಮಣ್ಣಿನಲ್ಲಿ ಸರಾಗವಾಗಿ ಹೋಗುತ್ತದೆ, ಒಣಮಣ್ಣಿನಲ್ಲಿ ತಡವರಿಸುತ್ತದೆ. ಗೂಟಗಳ ನಡುವಿನ ದೂರ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು ಆಳಕ್ಕೆ ಇಳಿದು ಬರುತ್ತದೆ. ಎಲ್ಲ ಅಳತೆಗಳೂ ಸೇರಿ ಕಂಪ್ಯೂಟರಿನಲ್ಲಿ ಗುಡ್ಡವನ್ನು ಕೊಯ್ದು ಇಟ್ಟ ಹಾಗೆ ಒಂದು ಚಿತ್ರ ಬರುತ್ತದೆ: ಒಣಗಿದ ಕಡೆ ಕೆಂಪು, ತೇವದ ಕಡೆ ನೀಲಿ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಟೀ ಹಿಡಿದು ಹತ್ತಿ ಬಂದಳು. "ಗುಡ್ಡಕ್ಕೆ ಶಾಕ್ ಕೊಡ್ತಿದ್ದೀಯಂತೆ. ನನ್ನ ಮಕ್ಕಳು ಮಲಗಿದ್ದಾವೆ ಕಣೇ, ಸದ್ದು ಮಾಡ್ಬೇಡ."

"ಇದು ಸದ್ದು ಮಾಡೋ ಕೆಲಸ ಅಲ್ಲಕ್ಕ."

"ಮತ್ತೆ ನಿನ್ನ ಮುಖ ಯಾಕೆ ಹಂಗಿದೆ?"

ನನ್ನ ಮುಖ ಯಾವಾಗಲೂ ಹೀಗೇ ಎಂದೆ. ಹೌದು ಎಂದು ನಕ್ಕಳು.

ಚಿತ್ರದಲ್ಲಿ ಮೇಲ್ಪದರವೆಲ್ಲ ನೀಲಿ. ಮಳೆ ಈಗಷ್ಟೇ ನಿಂತಿದೆ, ಸಹಜ. ನಡುವೆ ಕೆಂಪು. ಅದರ ಕೆಳಗೆ, ಎರಡಾಳಿಗಿಂತ ಆಳದಲ್ಲಿ, ಮತ್ತೆ ಒಂದು ತೆಳು ನೀಲಿ ಪಟ್ಟಿ. ಅಲ್ಲಿ ಜೇಡಿಮಣ್ಣು ಇರಬಹುದು. ಜೇಡಿಯಲ್ಲೂ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಒಂದೇ ಚಿತ್ರ ನೋಡಿ ಏನೂ ಹೇಳಲಾಗದು.

ಸೆಪ್ಟೆಂಬರ್ ೨೩, ಶನಿವಾರ

ಭಯ: ಇಸ್ತ್ರಿ ಪೆಟ್ಟಿಗೆ. ಮಗಳಿಗೆ ಬಂದ ಕೆಮ್ಮು. ಕುತ್ತಿಗೆಯಲ್ಲಿ ಗಂಟು ಇರುವ ಹಾಗೆ ಅನ್ನಿಸಿದ್ದು (ಇರಲಿಲ್ಲ). ಇವರು ಎರಡು ಸಲ ಫೋನ್ ತೆಗೆಯದೆ ಇದ್ದದ್ದು. ಬಾಗಿಲ ಚಿಲಕ, ಮೂರು ಸಲ.

ಅಕ್ಟೋಬರ್ ೬, ಶುಕ್ರವಾರ

ಎರಡು ವಾರದಿಂದ ಒಂದು ಹನಿ ಮಳೆಯಿಲ್ಲ. ಗುಡ್ಡದ ಹುಲ್ಲು ಹಳದಿಗೆ ತಿರುಗಿದೆ; ನಡೆದರೆ ಧೂಳು. ಗೂಟ ಊರಿದರೆ ಮಣ್ಣು ಹಿಡಿಯುವುದೇ ಇಲ್ಲ, ಪ್ರತಿ ಗೂಟದ ಬುಡಕ್ಕೂ ಉಪ್ಪುನೀರು ಸುರಿದು ಒದ್ದೆ ಮಾಡಬೇಕಾಯಿತು.

ಸಂಜೆ ಚಿತ್ರ ತೆರೆದೆ. ಮೇಲ್ಪದರ ಅಪ್ಪಟ ಕೆಂಪು. ಆದರೆ ಕೆಳಗಿನ ನೀಲಿ ಪಟ್ಟಿ ತೆಳ್ಳಗಾಗಿಲ್ಲ, ದಪ್ಪಗಾಗಿದೆ. ತಡೆಗೋಡೆಯ ಹಿಂದೆ ಅದು ಹೊಟ್ಟೆ ಬಿಟ್ಟಿದೆ. ಜೇಡಿಮಣ್ಣು ಎರಡು ವಾರದಲ್ಲಿ ಬೆಳೆಯುವುದಿಲ್ಲ.

ಸಾಹೇಬರಿಗೆ ತೋರಿಸಿದೆ. "ಮಳೆ ನೀರು ನಿಧಾನಕ್ಕೆ ಇಳೀತಾ ಇರುತ್ತೆ ಮೇಡಂ. ಇನ್ನೆರಡು ವಾರ ಬಿಟ್ಟು ಇನ್ನೊಂದು ಅಳತೆ ತೆಗೀರಿ. ಆಮೇಲೆ ನೋಡೋಣ."

ಅವರ ಮಾತು ತಪ್ಪೇನಲ್ಲ. ಮೇಲೆ ಬಿದ್ದ ನೀರು ಆಳ ಮುಟ್ಟಲು ದಿನಗಳೇ ಬೇಕು. ಆದರೂ ಇಷ್ಟೊಂದು ಎಲ್ಲಿಂದ ಬರುತ್ತದೆ?

ಮನೆಗೆ ಬರುವಾಗ ಬಸ್ಸಿನಲ್ಲಿ ಉಸಿರು ಕಟ್ಟಿದ ಹಾಗಾಯಿತು. ಇಳಿದು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಗ್ಯಾಸಿಗೂ ಹೀಗೇ ಆಗುತ್ತದೆ, ಬೀಗಕ್ಕೂ ಹೀಗೇ ಆಗುತ್ತದೆ. ಹಾಗಿರುವಾಗ ಇದನ್ನು ನಂಬುವುದು ಹೇಗೆ?

ಅಕ್ಟೋಬರ್ ೭, ಶನಿವಾರ

ರಜೆಯಿದ್ದರೂ ಆಫೀಸಿಗೆ ಹೋದೆ. ಉಪಕರಣದ ತಪ್ಪಿರಬಹುದು ಎಂದು ಪೆಟ್ಟಿಗೆ ಬಿಚ್ಚಿ, ಎಷ್ಟು ತೋರಿಸಬೇಕೆಂದು ಮೊದಲೇ ಗೊತ್ತಿರುವ ಪರೀಕ್ಷಾ ತಂತಿಗಳನ್ನು ಜೋಡಿಸಿ ಅಳೆದೆ. ಸರಿಯಾಗಿ ತೋರಿಸಿತು. ಕೇಬಲ್ಲನ್ನು ಅಂಗುಲ ಅಂಗುಲ ಸವರಿ ನೋಡಿದೆ. ಎಲ್ಲೂ ಸಿಪ್ಪೆ ಸುಲಿದಿಲ್ಲ. ಸುರಿದ ಉಪ್ಪುನೀರಿನ ಪ್ರಭಾವವೇ ಎಂದರೆ ಅದು ಅಂಗೈಯಗಲ ಮೇಲ್ಮಣ್ಣಿನಲ್ಲಷ್ಟೆ. ಬಿಸಿಲಿಗೆ ಮಣ್ಣು ಬೆಚ್ಚಗಾದರೂ ಅಳತೆ ಬದಲಾಗುತ್ತದೆ. ಆ ಲೆಕ್ಕವನ್ನೂ ತೆಗೆದುಹಾಕಿದೆ. ನೀಲಿ ಹೋಗಲಿಲ್ಲ.

ತಪ್ಪು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಅಕ್ಟೋಬರ್ ೯, ಸೋಮವಾರ

ಅಕ್ಕನ ಬಳಿ ಹೋಗಿದ್ದೆ. ಹೇಳಬೇಕೆಂದೇ ಹೋದದ್ದು. ಮಕ್ಕಳು ಊಟ ಮುಗಿಸಿ ಹಿಂದಿನ ಕೋಣೆಯಲ್ಲಿ ಸಾಲಾಗಿ ಮಲಗಿದ್ದವು, ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ. ಆ ಕೋಣೆಯ ಹಿಂಗೋಡೆಗೂ ತಡೆಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟೇ ಜಾಗ.

"ಅಕ್ಕ, ಸ್ವಲ್ಪ ದಿನ ಮಕ್ಕಳನ್ನ ಮುಂದಿನ ಹಾಲ್‌ನಲ್ಲಿ ಮಲಗಿಸ್ತೀಯಾ?"

"ಯಾಕೆ?"

"ಸುಮ್ನೆ. ಗಾಳಿ ಚೆನ್ನಾಗಿ ಬರುತ್ತೆ."

ಅಕ್ಕ ನನ್ನನ್ನೇ ನೋಡಿದಳು. "ನಿನಗೆ ಸುಳ್ಳು ಹೇಳಕ್ಕೆ ಬರಲ್ಲ. ಏನು ಬಂತು ನಿನ್ನ ಶಾಕ್ ಮಿಷನ್‌ನಲ್ಲಿ?"

"ಇನ್ನೂ ಗೊತ್ತಿಲ್ಲ."

"ಗೊತ್ತಿಲ್ಲದೇ ಇರೋದಕ್ಕೆಲ್ಲ ಹಾಸಿಗೆ ಎತ್ತಕ್ಕಾಗಲ್ಲ ಕಣೇ. ಹಾಲ್‌ನಲ್ಲಿ ಬಾಗಿಲ ಪಕ್ಕ ಮಲಗಿಸಿದ್ರೆ ಒಂದೂ ಕಣ್ಣು ಮುಚ್ಚಲ್ಲ. ನೀನು ಚಿಕ್ಕವಳಿದ್ದಾಗ ಚಾವಣಿ ಬೀಳುತ್ತೆ ಅಂತ ಮಂಚದ ಕೆಳಗೆ ಮಲಗ್ತಿದ್ದೆ, ನೆನಪಿದೆಯಾ? ಬಿತ್ತಾ?"

ಬಿದ್ದಿರಲಿಲ್ಲ.

ನಾನು ಸುಮ್ಮನೆ ಬಂದುಬಿಟ್ಟೆ. ಹೇಳಿದ್ದೂ ಹೌದು, ಹೇಳದೆ ಇದ್ದದ್ದೂ ಹೌದು.

ಅಕ್ಟೋಬರ್ ೧೨, ಗುರುವಾರ

ಒಂದು ಸಾಕ್ಷಿ ಸಾಲದಿದ್ದರೆ ಇನ್ನೊಂದನ್ನು ತರಬೇಕು. ಸಾಹೇಬರನ್ನು ಕೇಳದೆ ಕಂಪನ ಅಳೆಯುವ ಪೆಟ್ಟಿಗೆಯನ್ನೂ ಜೀಪಿಗೆ ಹಾಕಿಸಿಕೊಂಡು ಹೋದೆ. ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು ಸುತ್ತಿಗೆಯಿಂದ ಹೊಡೆದರೆ ಅದುರು ಮಣ್ಣಿನಲ್ಲಿ ಹರಿದುಹೋಗುತ್ತದೆ. ದೂರದಲ್ಲಿಟ್ಟ ಗ್ರಾಹಕಗಳಿಗೆ ಎಷ್ಟು ಬೇಗ ತಲುಪಿತು ಎಂದು ನೋಡುವುದು. ನೀರು ತುಂಬಿ ಸಡಿಲವಾದ ಮಣ್ಣಿನಲ್ಲಿ ನಾವು ಅಳೆಯುವ ಅದುರು ನಿಧಾನ. ಇದಕ್ಕೂ ಉಪ್ಪಿಗೂ ವಿದ್ಯುತ್ತಿಗೂ ಸಂಬಂಧವಿಲ್ಲ. ಹೋಲಿಸಿ ನೋಡಲೆಂದು ಬಿರುಕಿಲ್ಲದ ಪಕ್ಕದ ಇಳಿಜಾರಿನಲ್ಲೂ ಹೊಡೆದೆವು.

ಜೀಪಿನ ಡ್ರೈವರ್ ಒಂದಷ್ಟು ಹೊಡೆದರು, ಆಮೇಲೆ ನಾನು. ಶಿಶುವಿಹಾರದ ಬೇಲಿಯ ಬಳಿ ಒಂದು ಪುಟ್ಟ ಹುಡುಗಿ ಮೂಗು ಸುರಿಸಿಕೊಂಡು ನಿಂತು ನೋಡುತ್ತಿದ್ದಳು.

"ಆಂಟಿ, ಗುಡ್ಡಕ್ಕೆ ಯಾಕೆ ಹೊಡೀತಿದ್ದೀರಾ? ಅದೇನು ತಪ್ಪು ಮಾಡ್ತು?"

"ಏನೂ ಮಾಡಿಲ್ಲಮ್ಮ. ಹೊಟ್ಟೇಲಿ ಏನಿದೆ ಅಂತ ಕೇಳ್ತಿದ್ದೀನಿ."

"ಹೇಳ್ತಾ?"

ಹೇಳಿತು. ಪಕ್ಕದ ಇಳಿಜಾರಿಗಿಂತ ಇಲ್ಲಿ ಬಹಳ ನಿಧಾನ; ಅದೂ ಸರಿಯಾಗಿ ಆ ನೀಲಿ ಪಟ್ಟಿ ಇರುವ ಆಳದಲ್ಲೇ.

ವಾಪಸು ಹೊರಡುವಾಗ ಕೈ ತೊಳೆಯಲೆಂದು ಅಕ್ಕನಲ್ಲಿಗೆ ಹೋದೆ. ಬಡಗಿಯೊಬ್ಬ ಹಿಂದಿನ ಕೋಣೆಯ ಬಾಗಿಲನ್ನು ಕಳಚಿ ಉಜ್ಜುಗೊರಡು ಹಾಕುತ್ತಿದ್ದ. ಅಕ್ಕ ಅವನ ಮೇಲೆ ಸಿಡುಕುತ್ತಿದ್ದಳು. ಹೋದ ತಿಂಗಳೇ ಉಜ್ಜಿಸಿದ್ದಳಂತೆ, ಮತ್ತೆ ಬಾಗಿಲು ಕಚ್ಚಿಕೊಳ್ಳುತ್ತಿದೆಯಂತೆ. ಮಳೆಗಾಲದಲ್ಲಿ ಮರ ಉಬ್ಬಿದರೆ ಸರಿ, ಈ ಬಿಸಿಲಲ್ಲಿ? ಚೌಕಟ್ಟನ್ನು ನೋಡಿದೆ. ಮೇಲಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು, ಕೆಳಗಿನ ಮೂಲೆಯಲ್ಲಿ ಕೂದಲೂ ತೂರದು. ಮರ ಉಬ್ಬಿದ್ದಲ್ಲ, ಗೋಡೆಯೇ ವಾಲಿದೆ.

ಕೈ ತೊಳೆಯದೆಯೇ ಆಫೀಸಿಗೆ ಹೋದೆ.

ಅಕ್ಟೋಬರ್ ೧೬, ಸೋಮವಾರ

ಸಾಹೇಬರ ಕೋಣೆಯಲ್ಲಿ ಸಭೆ. ನಗರಸಭೆಯ ಅಧಿಕಾರಿ, ನೀರು ಸರಬರಾಜಿನ ಎಂಜಿನಿಯರ್, ಸಾಹೇಬರು, ನಾನು. ಚಿತ್ರಗಳನ್ನು ಮೇಜಿನ ಮೇಲೆ ಹರಡಿದೆ. ಮಳೆ ನಿಂತ ಮೇಲೂ ನೀಲಿ ಬೆಳೆಯುತ್ತಿದೆ, ಅದರ ಬಾಲ ಮೇಲಕ್ಕೆ ರಸ್ತೆಯ ಕಡೆ ಚಾಚಿದೆ, ಅಲ್ಲಿ ಟ್ಯಾಂಕಿನಿಂದ ಬರುವ ಕೊಳವೆ ಇದೆ, ಅದು ಸೋರುತ್ತಿರಬಹುದು ಎಂದೆ.

ಎಂಜಿನಿಯರ್ ಸಮಾಧಾನದಿಂದಲೇ ಹೇಳಿದರು. "ಅದು ಹೊಸ ಕೊಳವೆ ಮೇಡಂ, ನಾನೇ ನಿಂತು ಹಾಕಿಸಿದ್ದು. ಸೋರಿದ್ರೆ ರಸ್ತೆ ಮೇಲೆ ನೀರು ಬರ್ತಿತ್ತು. ರಸ್ತೆ ನೋಡಿ, ಧೂಳು ಹಾರ್ತಿದೆ."

"ಮೇಲೆ ಬರಬೇಕು ಅಂತೇನಿಲ್ಲ. ಕೆಳಗೆ ಸಡಿಲ ಮಣ್ಣು ಸಿಕ್ಕಿದ್ರೆ ಕೆಳಗೇ ಇಳಿಯುತ್ತೆ."

ಅಧಿಕಾರಿ ನನ್ನ ಕಡೆ ತಿರುಗಿದರು. "ಗುಡ್ಡ ಜಾರುತ್ತೆ ಅಂತ ಬರೆದುಕೊಡ್ತೀರಾ?"

"ಜಾರುತ್ತೆ ಅಂತ ಹೇಳಕ್ಕಾಗಲ್ಲ. ಜಾರಬಹುದು."

"ಬಹುದು ಅಂದ್ರೆ ಹೇಗೆ? ಅಷ್ಟು ಮನೆ ಖಾಲಿ ಮಾಡಿಸ್ಬೇಕು. ಅದಕ್ಕೆ ಖಾತ್ರಿ ಬೇಕು."

ಸಾಹೇಬರು ನನ್ನನ್ನು ಹೊರಗೆ ಜಗಲಿಗೆ ಕರೆದುಕೊಂಡು ಬಂದರು. ಕೆಟ್ಟ ಮನುಷ್ಯರಲ್ಲ. ಹೋದ ವರ್ಷ ನಾನು ಎದೆಬಡಿತವೆಂದು ಎರಡು ವಾರ ಮನೆಯಲ್ಲಿ ಕೂತಾಗ ಒಂದು ಮಾತೂ ಆಡದೆ ರಜೆ ಕೊಟ್ಟವರು. ದನಿ ತಗ್ಗಿಸಿ ಕೇಳಿದರು, "ಬೇಜಾರು ಮಾಡ್ಕೋಬೇಡಿ. ಇದು ಗುಡ್ಡದ ವಿಷಯನೋ, ನಿಮ್ಮ ಭಯದ ವಿಷಯನೋ? ನಿಮ್ಮಕ್ಕ ಬೇರೆ ಅಲ್ಲಿದ್ದಾರೆ."

ಅದನ್ನೇ ನಾನು ವಾರದಿಂದ ನನ್ನನ್ನು ಕೇಳಿಕೊಳ್ಳುತ್ತಿದ್ದೆ. ಬಾಯಿಗೆ ಬಂದದ್ದು ಮಾತ್ರ ಬೇರೆ. "ನಾನು ಭಯಸ್ಥೆ, ಸರಿ ಸರ್. ಆದ್ರೆ ಎರಡು ಉಪಕರಣ ಬೇರೆ ಬೇರೆ ದಾರೀಲಿ ಹೋಗಿ ಒಂದೇ ಜಾಗ ತೋರಿಸ್ತಿವೆ. ಅವಕ್ಕೆ ನನ್ನ ಪರಿಚಯ ಇಲ್ಲ. ಬಾಗಿಲ ಚೌಕಟ್ಟಿಗೂ ಇಲ್ಲ."

"ನಾವು ಖಾಲಿ ಮಾಡಿಸಿ, ಏನೂ ಆಗದೇ ಹೋದ್ರೆ?"

"ನನ್ನನ್ನ ಬೈತಾರೆ. ಬೈಲಿ."

ಒಳಗೆ ಹೋಗಿ ನಿಂತುಕೊಂಡೇ ಹೇಳಿದೆ: ಗುಡ್ಡ ಜಾರುತ್ತದೆಂದು ನೂರಕ್ಕೆ ನೂರು ಹೇಳಲಾರೆ, ಆದರೆ ಅಲ್ಲಿ ಯಾರೂ ಮಲಗಬಾರದು ಎಂಬುದನ್ನು ನೂರಕ್ಕೆ ನೂರು ಹೇಳುತ್ತೇನೆ, ಅದಕ್ಕೆ ನನ್ನ ಸಹಿ ಇರಲಿ. ನನ್ನ ಸಹಿಯ ಕೆಳಗೆ ಸಾಹೇಬರೂ ಸಹಿ ಹಾಕಿದರು. ಹಾಕುವ ಮುಂಚೆ ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಆದರೆ "ಆಮೇಲೆ" ಎನ್ನಲಿಲ್ಲ.

ಅಕ್ಟೋಬರ್ ೧೭, ಮಂಗಳವಾರ

ನಗರಸಭೆಯವರು ಹೋಗುವ ಮೊದಲು ನಾನೇ ಅಕ್ಕನಿಗೆ ಹೇಳಬೇಕಿತ್ತು. ಬೆಳಿಗ್ಗೆ ಅವಳು ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಆಯಾ ನೆಲ ಒರೆಸುತ್ತಿದ್ದರು. ಎಲ್ಲ ಹೇಳಿದೆ.

ಅಕ್ಕ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. "ನಿನ್ನ ಸಹಿನಾ?" ಎಂದಷ್ಟೇ ಕೇಳಿದಳು.

"ಹೂಂ."

"ಒಂದು ಸಲ ಮಕ್ಕಳನ್ನ ಬೇರೆ ಕಡೆ ಸೇರಿಸಿದ್ರೆ ತಂದೆತಾಯಿ ವಾಪಸ್ ತರಲ್ಲ. ಗೊತ್ತಾ ನಿನಗೆ? ಒಂದೊಂದೇ ಮಗು ಸೇರಿಸಿ ಕಟ್ಟಿದ್ದು ಇದನ್ನ. ಅತ್ತಾಗ ಯಾರಿಗೆ ಯಾವ ಹಾಡು ಬೇಕು ಅಂತ ನಂಗೊತ್ತು."

"ಗೊತ್ತಕ್ಕ."

"ನಿನಗೆ ಭಯ ಆದಾಗೆಲ್ಲ ನಾನು ಪಕ್ಕದಲ್ಲಿ ಮಲಗಿಸ್ಕೊಂಡೆ. ಈಗ ನಿನ್ನ ಭಯ ತಂದು ನನ್ನ ಮನೆ ಬಾಗಿಲಿಗೆ ಹಾಕಿದೆಯಲ್ಲ." ಅಷ್ಟು ಹೇಳಿ ಒಳಗೆ ಹೋಗಿ, ಗೋಡೆಯಲ್ಲಿದ್ದ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಸಹಾಯಕ್ಕೆ ಹೋದೆ. ಬೇಡ ಎಂದಳು.

ಅಕ್ಟೋಬರ್ ೧೮, ಬುಧವಾರ

ಶಿಶುವಿಹಾರ ಗ್ರಂಥಾಲಯದ ಹಾಲಿಗೆ ಹೋಯಿತು. ಅರ್ಧದಷ್ಟು ಮಕ್ಕಳು ಬರಲೇ ಇಲ್ಲ. ಗುಡ್ಡದ ಕೆಳಗಿನ ಮನೆಗಳವರೆಲ್ಲ ಗೊಣಗಿಕೊಂಡು ನೆಂಟರ ಮನೆಗಳಿಗೆ ಹೋದರು. ಒಬ್ಬರು ನನ್ನನ್ನು ತೋರಿಸಿ, "ಇವರೇ ನೋಡಿ," ಎಂದರು.

ಅಕ್ಕ ಫೋನ್ ತೆಗೆಯುತ್ತಿಲ್ಲ.

ಅಕ್ಟೋಬರ್ ೨೧, ಶನಿವಾರ

ಏನೂ ಆಗಿಲ್ಲ. ಆಕಾಶದಲ್ಲಿ ಒಂದು ಮೋಡವಿಲ್ಲ. ಗುಡ್ಡ ತನಗೇನೂ ಗೊತ್ತಿಲ್ಲ ಎನ್ನುವ ಹಾಗೆ ಬಿಸಿಲು ಕಾಯಿಸುತ್ತಾ ಕೂತಿದೆ.

ದಿನಾ ಬೆಳಿಗ್ಗೆ ಆಫೀಸಿಗೆ ಮುಂಚೆ ಅಲ್ಲಿಗೆ ಹೋಗಿ ಒಂದು ಅಳತೆ ತೆಗೆಯುತ್ತೇನೆ. ಎರಡು ಮನೆಯವರು ಆಗಲೇ ವಾಪಸು ಬಂದು ಪಾತ್ರೆ ತೊಳೆಯುತ್ತಿದ್ದರು. ಹೋಗಿ ಅಂದರೆ, "ಬೀಳೋವಾಗ ಹೇಳಿ, ಓಡ್ತೀವಿ," ಎಂದು ನಕ್ಕರು. ನಾನು ನಗಲಿಲ್ಲ. ಅವರ ಹೊಸ್ತಿಲಲ್ಲೇ ಕೂತೆ, ಅವರು ಪಾತ್ರೆ ಗಂಟು ಕಟ್ಟುವವರೆಗೆ ಏಳಲಿಲ್ಲ. ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು.

ಇವರಿಗೆ ಒಂದು ಮಾತು ಹೇಳಿದೆ, ಇಲ್ಲೂ ಬರೆಯಬೇಕು. ಇವತ್ತು ಬೆಳಿಗ್ಗೆ ಗುಡ್ಡ ನೋಡುತ್ತಾ ನಿಂತಿದ್ದಾಗ ಮನಸ್ಸಿನಲ್ಲಿ, ಬೀಳಬಾರದೇ ಎಂದು ಬಂತು. ಖಾಲಿ ಇದೆಯಲ್ಲ, ಈಗಲೇ ಬಿದ್ದುಬಿಡಲಿ, ಆಗ ಅಕ್ಕ ನಂಬುತ್ತಾಳೆ ಎಂದು. ಅಕ್ಕನ ಜೀವಮಾನದ ದುಡಿಮೆ ಅದರ ಕೆಳಗಿದೆ. ನಾನು ಎಂಥವಳು?

ಇವರು ಮೇಣದ ಹಲ್ಲೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಅಂದ್ಕೊಂಡಿದ್ದಕ್ಕೆಲ್ಲ ಆಗೋ ಹಾಗಿದ್ರೆ ಎದುರುಮನೆ ನಾಯಿ ಇಷ್ಟು ದಿನ ಬೊಗಳ್ತಿರಲಿಲ್ಲ," ಎಂದರು. ಆಮೇಲೆ ಹಲ್ಲು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. ನನಗೆ ಅಳು ಬಂತು.

ಅಕ್ಟೋಬರ್ ೨೭, ಶುಕ್ರವಾರ

ನೀಲಿ ಇನ್ನೂ ಏರುತ್ತಿದೆ.

ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಫೋನ್ ಬಂದಿತ್ತು. ಹೋದ ವಾರ ನನ್ನ ಸರದಿ ಇತ್ತಂತೆ. ಮರೆತೇಹೋಗಿತ್ತು. ರಾತ್ರಿ ಬಾಗಿಲ ಚಿಲಕ ಹಾಕದೆ ಮಲಗಿದ್ದೀಯ ಎಂದು ಬೆಳಿಗ್ಗೆ ಇವರು ಬೇರೆ ಬೈದರು. ಕೆಲಸದ ಒತ್ತಡ.

ಎಲ್ಲ ಚಿತ್ರಗಳನ್ನೂ ತಾರೀಖಿನಂತೆ ಜೋಡಿಸಿಕೊಂಡು ನೀರು ಸರಬರಾಜಿನ ಎಂಜಿನಿಯರರ ಬಳಿಗೆ ಒಬ್ಬಳೇ ಹೋದೆ. ಸಭೆಯಲ್ಲಿ ಹೇಳಿದ್ದನ್ನೇ ಹೇಳಲಿಲ್ಲ. ಒಂದರ ಮೇಲೊಂದು ಇಟ್ಟು ತೋರಿಸುತ್ತಾ ಹೋದೆ. ನೀಲಿಯ ಬಾಲ ಪ್ರತಿ ಚಿತ್ರದಲ್ಲೂ ರಸ್ತೆಯ ಕೆಳಗಿನ ಒಂದೇ ಜಾಗಕ್ಕೆ ಅಂಟಿಕೊಂಡಿದೆ, ಅತ್ತಿತ್ತ ಸರಿದಿಲ್ಲ.

ಅವರು ಕನ್ನಡಕ ಹಣೆಗೆ ಏರಿಸಿ ಬಹಳ ಹೊತ್ತು ನೋಡಿದರು. "ಇಲ್ಲಿ ಒಂದು ಬೆಸುಗೆ ಇದೆ," ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. "ಎರಡು ಕೊಳವೆ ಸೇರೋ ಜಾಗ."

"ಒಂದು ಸಲ ಪರೀಕ್ಷೆ ಮಾಡಿಬಿಡಿ. ಸೋರ್ತಿಲ್ಲ ಅಂತಾದ್ರೆ ನಾನೇ ಬಂದು ಕ್ಷಮೆ ಕೇಳ್ತೀನಿ."

"ಕ್ಷಮೆ ಇರಲಿ ಮೇಡಂ. ಭಾನುವಾರ ಬನ್ನಿ."

ಅಕ್ಟೋಬರ್ ೨೯, ಭಾನುವಾರ

ಎಂಜಿನಿಯರ್ ಗುಡ್ಡದ ರಸ್ತೆಯ ಆಚೆ ತುದಿಯಲ್ಲಿ, ಕೊಳವೆಯ ಕೊನೆಗಿರುವ ವಾಲ್ವನ್ನು ಮುಚ್ಚಿಸಿದರು. ಟ್ಯಾಂಕಿನ ಕಡೆಯದು ತೆರೆದೇ ಇತ್ತು. ಟ್ಯಾಂಕಿಗೆ ನೀರು ತುಂಬುವುದನ್ನೂ ನಿಲ್ಲಿಸಿದರು. ಈಗ ಕೊಳವೆಯಲ್ಲಿರುವ ನೀರು ಎಲ್ಲಿಗೂ ಹೋಗುವ ಹಾಗಿಲ್ಲ. ಟ್ಯಾಂಕಿನ ಮಟ್ಟ ಇದ್ದಲ್ಲೇ ಇರಬೇಕು. ನಾನೂ ಅವರೂ ಟ್ಯಾಂಕಿನ ಏಣಿಯ ಬುಡದಲ್ಲಿ ಮಟ್ಟ ತೋರಿಸುವ ಗಾಜಿನ ನಳಿಗೆಯ ಮುಂದೆ ಕೂತೆವು. ಅವರು ನೀರಿನ ಗೆರೆಗೆ ಸರಿಯಾಗಿ ಬಿಳಿ ದಾರ ಕಟ್ಟಿದರು.

ಮೊದಲಿಗೆ ಏನೂ ಇಲ್ಲ. ಅವರು ತಮ್ಮ ಹೆಂಡತಿಯ ಮಂಡಿನೋವಿನ ಬಗ್ಗೆ ಹೇಳಿದರು, ನಾನು ಮಗಳ ಗಣಿತದ ಬಗ್ಗೆ ಹೇಳಿದೆ. ಇಬ್ಬರೂ ದಾರ ನೋಡುತ್ತಿಲ್ಲವೆಂಬಂತೆ ನಟಿಸುತ್ತಿದ್ದೆವು. ನೆರಳು ಏಣಿಯ ಇನ್ನೊಂದು ಕಡೆಗೆ ಹೊರಳಿತು. ಆಗ ಅವರ ಮಾತು ಅರ್ಧಕ್ಕೆ ನಿಂತಿತು. ನೀರಿನ ಗೆರೆ ದಾರದಿಂದ ಕೆಳಗಿಳಿದಿತ್ತು. ನೋಡುತ್ತಿದ್ದಂತೆಯೇ ಬೆರಳಗಲವಾಯಿತು, ಆಮೇಲೆ ಎರಡು ಬೆರಳು.

ಅವರು ಎದ್ದು ಟ್ಯಾಂಕಿನ ಕಡೆಯ ವಾಲ್ವನ್ನು ತಾವೇ ಎರಡು ಕೈಯಲ್ಲಿ ತಿರುಗಿಸಿ ಮುಚ್ಚಿದರು. ಬೆವರು ಒರೆಸಿಕೊಂಡು, "ನಾನೇ ನಿಂತು ಹಾಕಿಸಿದ್ದು," ಎಂದರು. ಇಬ್ಬರೂ ಇಳಿದು ಬಂದೆವು.

ನವೆಂಬರ್ ೨, ಗುರುವಾರ

ರಸ್ತೆ ಅಗೆದರು. ಬೆಸುಗೆಯಲ್ಲಿ ಉಗುರು ತೂರುವಷ್ಟು ಬಿರುಕು. ಕೊಳವೆಯ ಅಡಿಯಲ್ಲಿ ಮಣ್ಣೇ ಇರಲಿಲ್ಲ, ಗುಹೆಯ ಹಾಗೆ ಖಾಲಿ.

ಅವತ್ತು ನಕ್ಕಿದ್ದ ಮನೆಯವರಲ್ಲಿ ಯಾರೂ ಈಗ ನಗುತ್ತಿಲ್ಲ. ಆದರೆ ಒಳಗೆ ಸೇರಿದ ನೀರು ಒಳಗೇ ಇದೆ. ಅದು ತಾನಾಗಿ ಹೋಗಲು ಎಷ್ಟು ದಿನ ಬೇಕೋ. ಮೋಡ ಬೇರೆ ಕಟ್ಟುತ್ತಿದೆ.

ಅಕ್ಕನಿಗೆ ಸುದ್ದಿ ಮುಟ್ಟಿರುತ್ತದೆ. ಫೋನ್ ಬಂದಿಲ್ಲ.

ನವೆಂಬರ್ ೧೪, ಮಂಗಳವಾರ

ಮಳೆ ಬರಲಿಲ್ಲ. ಗುಡ್ಡ ಅಲುಗಲಿಲ್ಲ. ಇವತ್ತು ನೀರು ಬಸಿಯುವ ಕೆಲಸ. ಯಂತ್ರವನ್ನು ಗುಡ್ಡದ ಮೇಲೆ ಹತ್ತಿಸದೆ, ಸಾಲುಮನೆಗಳ ಪಕ್ಕದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ತಡೆಗೋಡೆಯ ಬುಡದಿಂದ ಒಳಕ್ಕೆ ಸ್ವಲ್ಪ ಏರುಮುಖವಾಗಿ ತೂತುಗಳಿರುವ ಕೊಳವೆ ತೂರಿಸುವುದು. ಎಲ್ಲಿ, ಎಷ್ಟು ದೂರ ಎಂದು ನನ್ನ ಚಿತ್ರ ನೋಡಿ ಗುರುತು ಹಾಕಿದ್ದೆವು.

ಸಾಹೇಬರು, ನೀರಿನ ಎಂಜಿನಿಯರ್, ನಗರಸಭೆಯವರು, ಮನೆಗಳವರು ಎಲ್ಲ ಸೇರಿದ್ದರು. ದೂರದಲ್ಲಿ ಆಯಾ ಜೊತೆ ಅಕ್ಕ. ನನ್ನ ಕಡೆ ನೋಡಲಿಲ್ಲ.

ಮೊದಲ ಕೊಳವೆ ಒಳಗೆ ಹೋಯಿತು. ಒಣಮಣ್ಣು ಬಂತು. ಇನ್ನೂ ಹೋಯಿತು. ಒಣಮಣ್ಣೇ. ಯಂತ್ರದವರು ನಿಲ್ಲಿಸಿ, "ಇಲ್ಲೇನೂ ಇಲ್ಲ ಮೇಡಂ," ಎಂದರು. ಎಲ್ಲರೂ ನನ್ನನ್ನು ನೋಡಿದರು. ನಾನು ಚಿತ್ರ ನೋಡಿದೆ.

"ಇನ್ನೂ ಮುಂದೆ ಹೋಗಿ."

"ಗುರುತಿನ ಹತ್ತಿರ ಬಂದಾಯ್ತು."

"ಹತ್ತಿರ ಬಂದಿದ್ದೀರಿ, ಮುಟ್ಟಿಲ್ಲ. ಹೋಗಿ."

ಯಂತ್ರ ಮತ್ತೆ ಗುರುಗುಟ್ಟಿತು. ಕೊಳವೆಯ ಬಾಯಲ್ಲಿ ಮಣ್ಣಿನ ಬಣ್ಣ ಕಪ್ಪಾಯಿತು. ಆಮೇಲೆ ಕೆಸರು, ಅಂಬಲಿಯ ಹಾಗೆ, ಬಿಟ್ಟುಬಿಟ್ಟು. ಯಂತ್ರ ನಿಲ್ಲಿಸಿದ ಮೇಲೂ ಅದು ನಿಲ್ಲಲಿಲ್ಲ. ಕೆಸರು ತಿಳಿಯಾಗುತ್ತಾ ತೋಳುಗಾತ್ರದ ನೀರಾಯಿತು. ಶಿಶುವಿಹಾರದ ಅಂಗಳದಲ್ಲಿ ಹರಿದು, ಮಕ್ಕಳ ಜಾರುಬಂಡೆಯನ್ನು ಬಳಸಿಕೊಂಡು, ಗೇಟಿನ ಕೆಳಗೆ ನುಸುಳಿ ಬೀದಿಗೆ ಹೋಯಿತು. ಎರಡನೆಯ ಕೊಳವೆಯಲ್ಲೂ ಬಂತು, ಮೂರನೆಯದರಲ್ಲೂ ಬಂತು. ಊಟದ ಹೊತ್ತು ಕಳೆದರೂ ಅದೇ ರಭಸ.

ಜನ ಚದುರಿದ ಮೇಲೆ ಅಕ್ಕ ಬಂದು ನನ್ನ ಪಕ್ಕ ನಿಂತಳು. ಮಧ್ಯದ ಕೊಳವೆ ಮಲಗುವ ಕೋಣೆಯ ಹಿಂಗೋಡೆಯ ಪಕ್ಕದಲ್ಲೇ ಇತ್ತು. ಅವಳು ಗೋಡೆ ನೋಡಿದಳು, ನೀರು ನೋಡಿದಳು.

"ಇದೆಲ್ಲ ಅಲ್ಲೇ ಇತ್ತಾ?"

"ಹೂಂ."

"ಮಕ್ಕಳು ಮಲಗ್ತಿದ್ದಾಗ?"

"ಆಗ್ಲೂ ಇತ್ತು ಅಕ್ಕ."

ಅವಳು ಬಗ್ಗಿ ಕೊಳವೆಯ ಬಾಯಿಗೆ ಅಂಗೈ ಒಡ್ಡಿದಳು. ನೀರು ಅವಳ ಬಳೆಗಳಿಗೆ ಬಡಿದು ಸಿಡಿಯಿತು. ಆಮೇಲೆ ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಗ್ರಂಥಾಲಯದ ಹಾಲ್‌ನಲ್ಲಿ ಹದಿನಾಲ್ಕು ಮಕ್ಕಳಿದ್ದಾವೆ," ಎಂದಳು. "ಅವರ ಅಪ್ಪ ಅಮ್ಮ ಕೇಳ್ತಾರೆ, ಯಾವಾಗ ವಾಪಸ್ ಅಂತ. ಏನು ಹೇಳಲಿ?"

"ಚೆನ್ನಾಗಿ ಬಸಿದು ಹೋಗ್ಬೇಕು. ಗೋಡೆ ಬೇರೆ ಕಟ್ಟಬೇಕು. ಅಳೀತಾ ಇರ್ತೀನಿ. ತಿಂಗಳುಗಟ್ಟಲೆ ಆಗಬಹುದು."

ಅವಳು ಬೈಯುತ್ತಾಳೆ ಎಂದುಕೊಂಡೆ.

"ಅಳೀತಾ ಇರು," ಎಂದಳು ಅಕ್ಕ. "ನೀನು ಹೇಳಿದ ದಿನ ಬಾಗಿಲು ತೆಗೀತೀನಿ. ಅದಕ್ಕಿಂತ ಒಂದು ದಿನ ಮುಂಚೆ ಇಲ್ಲ."